ರೆಪ್ಪೆಗೆ ಅಂಟು ಹಾಕಿಸುವ ಮೊದಲು

ಮಿಕ್ಸಿ ಮಾರುವ ಹುಡುಗಿಗೆ ಅಂಗಡಿಯವರು ಇಟ್ಟ ಹೆಸರು ನಿದ್ದೆಗಣ್ಣಿ. ಅವಳು ನಿದ್ದೆಗೆಟ್ಟವಳಲ್ಲ, ಸೋಮಾರಿಯೂ ಅಲ್ಲ. ಅವಳ ಹುಬ್ಬಿನ ಕೆಳಗಿನ ಚರ್ಮ ಮಡಿಕೆಯಾಗಿ ಇಳಿದು ಮೇಲಿನ ರೆಪ್ಪೆಯನ್ನು ಅರ್ಧ ಮುಚ್ಚಿತ್ತು, ಅಷ್ಟೆ. ಚಿಕ್ಕಂದಿನಿಂದಲೂ ಹಾಗೇ. ಅವಳ ಅಕ್ಕನಿಗೂ ಅಂಥದೇ ಕಣ್ಣು, ಅಮ್ಮನಿಗೂ ಅಂಥದೇ. ಆ ಕಣ್ಣು ಇಟ್ಟುಕೊಂಡೇ ಅವಳು ಇಡೀ ದಿನ ಕೌಂಟರಿನ ಹಿಂದೆ ನಿಂತು, ಜಾರ್ ಕೂರಿಸಿ, ಮುಚ್ಚಳ ಒತ್ತಿ ಹಿಡಿದು, ಕ್ಯಾರೆಟ್ ಅರೆದು ತೋರಿಸುತ್ತಿದ್ದಳು. ಅವಳು ಮಾತಿಗೆ ನಿಂತರೆ, ಸುಮ್ಮನೆ ನೋಡಿಕೊಂಡು ಹೋಗಲು ಬಂದವರೂ ಒಂದು ಮಿಕ್ಸಿ ಹೊತ್ತುಕೊಂಡೇ ಹೋಗುತ್ತಿದ್ದರು.

ಅಂಗಡಿಯ ಹೊಸ ಮಹಡಿಯ ಉದ್ಘಾಟನೆ ಹತ್ತಿರ ಬಂತು. ಬೆಳಗಿನ ಮೀಟಿಂಗಿನಲ್ಲಿ ಸೂಪರ್‌ವೈಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಒಬ್ಬನ ಶೂಗೆ ಪಾಲಿಶ್ ಇಲ್ಲ ಎಂದ, ಇನ್ನೊಬ್ಬನ ಗಡ್ಡ ಸರಿಯಿಲ್ಲ ಎಂದ. ಕೊನೆಗೆ ಇವಳ ಮುಂದೆ ಬಂದು ನಿಂತ.

"ನಿನ್ನ ಮುಖ ನೋಡಿದ್ರೆ ಗಿರಾಕಿಗಳಿಗೇ ಆಕಳಿಕೆ ಬರುತ್ತೆ. ಉದ್ಘಾಟನೆ ದಿನ ಫೋಟೊ ತೆಗೀತಾರೆ. ಅಷ್ಟರೊಳಗೆ ಆ ಕಣ್ಣಿಗೆ ಏನಾದ್ರೂ ಮಾಡಿಸ್ಕೊ. ಇಲ್ಲಾಂದ್ರೆ ಗೋಡೌನ್‌ನಲ್ಲಿ ಕೆಲಸ ಇದೆ."

ಎಲ್ಲರೂ ನಕ್ಕರು. ನಗದೆ ಉಳಿದವಳು ಪಕ್ಕದ ಕೌಂಟರಿನಲ್ಲಿ ಫ್ರಿಜ್ ಮಾರುವ ಹುಡುಗಿ ಒಬ್ಬಳೇ. ಅವಳ ಕಣ್ಣೂ ಹೆಚ್ಚುಕಡಿಮೆ ಹಾಗೇ ಇತ್ತು. ಸೂಪರ್‌ವೈಸರ್ ಅವಳ ಕಡೆಗೂ ಬೆರಳು ತೋರಿಸಿ, ನಿನಗೂ ಅದೇ ಮಾತು ಎಂದು ಹೇಳಿ ಹೋದ.

ಒಬ್ಬ ಮನುಷ್ಯ ಇನ್ನೊಬ್ಬರ ಕಣ್ಣಿನ ಆಕಾರದ ಬಗ್ಗೆ ಹೀಗೆ ತೀರ್ಪು ಕೊಡುತ್ತಾನೆ, ಸುತ್ತ ನಿಂತವರು ಹಲ್ಲು ಕಿರಿಯುತ್ತಾರೆ. ಬರೆಯುವಾಗಲೇ ನಮ್ಮ ಮೈ ಉರಿಯುತ್ತದೆ. ಅವಳಿಗೆ ಹೇಗಾಗಿರಬೇಕು. ಆದರೆ ಅವಳು ಸಿಟ್ಟಾಗಲಿಲ್ಲ, ನಾಚಿಕೊಂಡಳು. ತಪ್ಪು ತನ್ನದೇ ಎಂದುಕೊಂಡಳು.

ಊಟದ ಬಿಡುವಿನಲ್ಲಿ ಅವಳು ಫೋನಿನಲ್ಲಿ ಹುಡುಕಿದಳು. ರೆಪ್ಪೆಗೂದಲಿಗೆ ಒಂದೊಂದಾಗಿ ಕೃತಕ ಕೂದಲು ಅಂಟಿಸಿ ಉದ್ದ ಮಾಡುತ್ತಾರೆ, ಕಣ್ಣು ಅರಳಿದ ಹಾಗೆ ಕಾಣುತ್ತದೆ ಎಂದು ಫೋಟೊಗಳಿದ್ದವು. ಸಂಜೆ ಬಸ್ ನಿಲ್ದಾಣದ ಎದುರಿನ ಪಾರ್ಲರಿಗೆ ಹೋದಳು. ಅಲ್ಲಿ ಅವಳನ್ನು ಯಾರೂ ಏನೂ ಕೇಳಲಿಲ್ಲ. ಕಣ್ಣಿಗೆ ಮೊದಲು ಏನಾದರೂ ತೊಂದರೆ ಇತ್ತಾ, ಯಾವುದಾದರೂ ಕ್ರೀಮು, ಅಂಟು ಮೈಗೆ ಆಗುವುದಿಲ್ಲವಾ, ಊಹೂಂ, ಒಂದು ಮಾತೂ ಇಲ್ಲ. ಇಷ್ಟು ಸಣ್ಣ ಕಣ್ಣಿಗೆ ಉದ್ದದ್ದು, ದಪ್ಪದ್ದೇ ಬೇಕು ಎಂದು ಅವರೇ ತೀರ್ಮಾನ ಮಾಡಿ ಮಲಗಿಸಿದರು. ನಡುವೆ ಕಣ್ಣು ಉರಿಯುತ್ತಿದೆ ಎಂದು ಹೇಳಿದಳು. ಚೆನ್ನಾಗಿ ಕಾಣಬೇಕಾದರೆ ಇಷ್ಟಾದರೂ ತಡೆದುಕೊಳ್ಳಬೇಕಲ್ಲ ಎಂಬ ಉತ್ತರ ಬಂತು. ತಡೆದುಕೊಂಡಳು.

ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಕ್ಕೆ ಜೇಬು ಹಚ್ಚುತ್ತಿದ್ದಳು. ತಲೆ ಎತ್ತಿ ತಂಗಿಯ ಮುಖ ನೋಡಿದವಳೇ ಯಂತ್ರ ನಿಲ್ಲಿಸಿದಳು. ದಪ್ಪ ಕೂದಲಿನ ತುದಿ ಮೇಲಿನ ಚರ್ಮದ ಮಡಿಕೆಗೆ ತಾಗುತ್ತಿತ್ತು. ಮಡಿಕೆ ಆ ಕೂದಲನ್ನು ಕೆಳಗೆ ಒತ್ತುತ್ತಿತ್ತು. ಕಣ್ಣು ಅರಳುವುದಿರಲಿ, ಜೋತುಬಿದ್ದ ಪರದೆಯ ಕೆಳಗಿನಿಂದ ಇಣುಕಿದ ಹಾಗಿತ್ತು. ಯಾರು ಹೇಳಿದರು, ಯಾಕೆ ಮಾಡಿಸಿಕೊಂಡೆ ಎಂದು ಅಕ್ಕ ಒಂದೇ ಸಮನೆ ಕೇಳಿದಳು. ಸೂಪರ್‌ವೈಸರ್ ಅಂದ ಮಾತು ಹೊರಬಿದ್ದಾಗ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಆದರೆ ತಂಗಿ ಬಿಟ್ಟುಕೊಡಲಿಲ್ಲ. "ನೀನು ಮನೇಲಿ ಕೂತು ಹೊಲೀತೀಯ ಅಕ್ಕ, ನಿನ್ನ ಮುಖ ಯಾರು ನೋಡ್ತಾರೆ? ನನ್ನ ಮುಖಾನೇ ನನ್ನ ಕೆಲಸ," ಎಂದು ಬಾಗಿಲು ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಅವಳಿಗೆ ಕಣ್ಣು ತೆರೆಯಲಿಕ್ಕೇ ಆಗಲಿಲ್ಲ. ಎರಡೂ ರೆಪ್ಪೆ ಊದಿ ಬನ್ನಿನ ಹಾಗಾಗಿತ್ತು. ತುರಿಕೆ, ಉರಿ, ಒಂದೇ ಸಮನೆ ನೀರು. ಅವಳು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಆ ಕೂದಲನ್ನು ಕಿತ್ತು ಹಾಕಲು ನೋಡಿದಳು. ಎಳೆದರೆ ಸ್ವಂತ ಕೂದಲೂ ಜೊತೆಗೇ ಬಂತು. ನೋವಿಗೆ ಅಲ್ಲೇ ಕುಸಿದು ಕೂತಳು.

ಅಮ್ಮ ಓಡಿ ಬಂದು ಮಗಳ ಮುಖ ಹಿಡಿದುಕೊಂಡಳು. ಬಿಸಿ ಎಣ್ಣೆ ಹಚ್ಚುತ್ತೇನೆ ಎಂದಳು, ಅದರಿಂದ ಅಂಟು ಬಿಡುತ್ತದೆ ಎಂದಳು. ಎಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ತಂದಳು.

"ಈ ಕಣ್ಣು ನನ್ನಿಂದಾನೇ ಬಂದಿದ್ದು ಕಣೇ. ನನ್ನನ್ನ ಕ್ಷಮಿಸಿಬಿಡು," ಎಂದಳು.

ಅಕ್ಕನಿಗೆ ಕೋಪ ನೆತ್ತಿಗೇರಿದ್ದು ಆಗ. ಆಕಳಿಕೆಯ ಮಾತಾಡಿದವನು ನೆಮ್ಮದಿಯಾಗಿ ತಿಂಡಿ ತಿನ್ನುತ್ತಿರುತ್ತಾನೆ. ಕೇಳದೆ ತಿಳಿಯದೆ ಅಂಟು ಮೆತ್ತಿದವರು ಅಂಗಡಿ ಬಾಗಿಲು ತೆಗೆಯುತ್ತಿರುತ್ತಾರೆ. ಕ್ಷಮೆ ಕೇಳುತ್ತಿರುವವಳು ಅಮ್ಮ. "ನೀನ್ಯಾಕಮ್ಮ ಕೇಳ್ತೀಯ?" ಎಂದು ಗದರಿದಳು. ಗದರಿದ್ದಕ್ಕೆ ಅಕ್ಕನ ಕಣ್ಣಲ್ಲೇ ನೀರು ಬಂತು. ಅಮ್ಮನ ಕೈಯಿಂದ ಎಣ್ಣೆಯ ಬಟ್ಟಲು ಕಿತ್ತು ಕಪಾಟಿನ ಮೇಲಿಟ್ಟು, ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ನರ್ಸಮ್ಮನನ್ನು ಕೂಗಿದಳು.

ಮೇಲಿನ ಮನೆಯ ನರ್ಸಮ್ಮ ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವವರು. ಡ್ಯೂಟಿಗೆ ಹೊರಟವರು ಹಾಗೇ ಕೆಳಗೆ ಇಳಿದು ಬಂದರು. ಕೀಳಬೇಡ, ಉಜ್ಜಬೇಡ, ಎಣ್ಣೆ ಗಿಣ್ಣೆ ಏನೂ ಹಾಕಬೇಡಿ ಎಂದರು. ಶುದ್ಧ ನೀರಿನಲ್ಲಿ ಕಣ್ಣು ತೊಳೆಸಿ, ತಣ್ಣನೆಯ ಒದ್ದೆ ಬಟ್ಟೆ ಮೇಲಿಟ್ಟರು. ತಡಮಾಡದೆ ಅಕ್ಕತಂಗಿಯರಿಬ್ಬರನ್ನೂ ತಮ್ಮ ಜೊತೆಯಲ್ಲೇ ಆಟೊದಲ್ಲಿ ಕೂರಿಸಿಕೊಂಡು ಹೋದರು. ದಾರಿಯಲ್ಲಿ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು.

ಡಾಕ್ಟರು ಪರೀಕ್ಷೆ ಮಾಡಿ, ಇದು ಅಂಟಿಗೆ ಆದ ಅಲರ್ಜಿ ಎಂದರು. ಕಣ್ಣಿನ ಗುಡ್ಡೆಗೆ ಪೆಟ್ಟಾಗಿಲ್ಲ, ಅದು ಅದೃಷ್ಟ. ತಡಮಾಡಿ ಬಂದಿದ್ದರೆ, ಕೂದಲು ಚುಚ್ಚಿ ಗುಡ್ಡೆ ಗೀರಿದ್ದರೆ, ಕೀವು ತುಂಬಿದ್ದರೆ ಮಾತೇ ಬೇರೆ ಇತ್ತು. ಆಸ್ಪತ್ರೆಯಲ್ಲೇ ನಿಧಾನವಾಗಿ ಆ ಕೂದಲನ್ನು ಬಿಡಿಸಿದರು. ಔಷಧಿ ಕೊಟ್ಟರು. ಸ್ವಂತ ಕೂದಲು ಅಲ್ಲಲ್ಲಿ ಉದುರಿತ್ತು. ಬೆಳೆಯುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು ಎಂದರು.

ಹೊರಗಿನ ಬೆಂಚಿನ ಮೇಲೆ ಕೂತಾಗ ತಂಗಿ ಮೆಲ್ಲಗೆ ಕೇಳಿದಳು, ನನ್ನ ಕಣ್ಣಿಗೆ ಇರುವುದು ಒಂದು ಕಾಯಿಲೆಯಾ ಎಂದು. ನರ್ಸಮ್ಮ ಅಲ್ಲವೇ ಅಲ್ಲ ಎಂದರು. ಮೂಗು ಕೆಲವರದು ಚೂಪು, ಕೆಲವರದು ಮೊಂಡು ಇದ್ದ ಹಾಗೆ ಇದೂ ಒಂದು ಆಕಾರ. ಆದರೆ ಇದ್ದಕ್ಕಿದ್ದ ಹಾಗೆ ಒಂದು ರೆಪ್ಪೆ ಇಳಿಬಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಚರ್ಮ ಇಳಿದು ದೃಷ್ಟಿಗೇ ಅಡ್ಡ ಬಂದರೆ ಅದು ಬೇರೆ ವಿಷಯ. ಆಗ ಬರಬೇಕಾದ್ದು ಡಾಕ್ಟರ ಹತ್ತಿರ, ಪಾರ್ಲರಿಗಲ್ಲ.

ಅಷ್ಟರಲ್ಲಿ ಅಕ್ಕ ಬಾಯಿ ಹಾಕಿದಳು. ಇನ್ನು ಈ ಹಾಳು ಅಲಂಕಾರದ ಹೆಸರೆತ್ತಿದರೆ ನೋಡು, ಪಾರ್ಲರ್ ಮೆಟ್ಟಿಲು ಹತ್ತಿದರೆ ಕಾಲು ಮುರಿಯುತ್ತೇನೆ ಎಂದಳು. ನರ್ಸಮ್ಮ ಈಗ ಅವಳ ಮೇಲೇ ತಿರುಗಿದರು.

"ಕಣ್ಣು ಅವಳದು. ಬೇಕು ಅನ್ನೋದಕ್ಕೂ ಬೇಡ ಅನ್ನೋದಕ್ಕೂ ಅವಳೇ ಯಜಮಾನಿ. ಆ ಸೂಪರ್‌ವೈಸರ್ ಮಾಡಿಸ್ಕೊ ಅಂದ, ನೀನು ಮಾಡಿಸ್ಕೋಬೇಡ ಅಂತೀಯ. ಇಬ್ಬರೂ ಅವಳನ್ನ ಕೇಳಲೇ ಇಲ್ಲ."

ಅಕ್ಕ ಸರಿದು ತಂಗಿಗೆ ಒತ್ತಿ ಕೂತಳು.

ಆಮೇಲೆ ನರ್ಸಮ್ಮ ಬಿಡಿಸಿ ಹೇಳಿದರು. ಇಂಥ ಕಣ್ಣಿಗೆ ಕೂದಲು ಅಂಟಿಸಲೇಬಾರದು ಅಂತೇನಿಲ್ಲ. ಆದರೆ ಉದ್ದ, ದಪ್ಪ, ಭಾರ ಸಲ್ಲದು. ಮಡಿಕೆ ಒತ್ತುತ್ತದೆ, ರೆಪ್ಪೆ ಇನ್ನೂ ಇಳಿದ ಹಾಗೆ ಕಾಣುತ್ತದೆ. ಗಿಡ್ಡದ್ದು, ಹಗುರದ್ದು, ಮೇಲಕ್ಕೆ ಬಾಗಿದ್ದು ಒಪ್ಪಬಹುದು. ಅದಕ್ಕೂ ಮೊದಲು ಅದೇ ಅಂಟನ್ನು ಕಿವಿಯ ಹಿಂದೆ ಚೂರೇ ಚೂರು ಹಚ್ಚಿ ಒಂದೆರಡು ದಿನ ಕಾಯಬೇಕು. ಕೆಂಪಾದರೆ, ತುರಿಸಿದರೆ ಅಲ್ಲಿಗೇ ಬಿಡಬೇಕು. ಅಲ್ಲಿ ಏನೂ ಆಗದಿದ್ದರೂ ಆಮೇಲೆ ಕಣ್ಣಿಗೆ ಆಗುವುದೇ ಇಲ್ಲ ಅಂತ ಖಾತರಿ ಇಲ್ಲ. ನಡುವೆ ಉರಿದರೆ ನಿಲ್ಲಿಸಿ ಎನ್ನಬೇಕು, ನಾಚಿಕೆ ಬೇಡ. ಅಂಟು ಹಾಳಾಗುತ್ತದೆಂದು ಕಣ್ಣು ತೊಳೆಯದೆ ಇದ್ದರೆ ಬುಡದಲ್ಲಿ ಕೊಳೆ ಕೂತು ರೆಪ್ಪೆ ಕೆಡುತ್ತದೆ. ಇಷ್ಟೆಲ್ಲ ಯಾಕೆ ಅನ್ನಿಸಿದರೆ, ರೆಪ್ಪೆಗೂದಲು ಬಾಗಿಸುವ ಚಿಕ್ಕ ಸಾಧನ ಸಿಗುತ್ತದೆ, ಅದನ್ನು ಒರೆಸಿಟ್ಟುಕೊಂಡು ಬಳಸಬಹುದು. ನಿನಗಂತೂ ಈ ಅಂಟು ಇನ್ನು ಬೇಡ, ಒಮ್ಮೆ ಅಲರ್ಜಿ ಆದ ಮೇಲೆ ಮತ್ತೆ ಹಚ್ಚಿದರೆ ಇದಕ್ಕಿಂತ ಜೋರಾಗಿ ಆಗಬಹುದು ಎಂದರು.

ಮನೆಗೆ ವಾಪಸಾಗುವ ದಾರಿಯಲ್ಲಿ ಅಕ್ಕ ಆಟೊ ನಿಲ್ಲಿಸಿ ಪಾರ್ಲರಿಗೆ ನುಗ್ಗಿದಳು. ಒಡತಿ ತಂಗಿಯ ಮುಖ ನೋಡಿ, ನಮ್ಮಲ್ಲಿ ಇಷ್ಟು ಜನ ಮಾಡಿಸಿಕೊಂಡಿದ್ದಾರೆ, ಯಾರಿಗೂ ಏನೂ ಆಗಿಲ್ಲ, ನಿಮ್ಮ ಚರ್ಮವೇ ಸರಿಯಿಲ್ಲ ಎಂದಳು.

"ಚರ್ಮಕ್ಕೆ ಒಗ್ಗುತ್ತೋ ಇಲ್ವೋ ಅಂತ ನೋಡೋಕೇ ತಾನೇ ಮೊದಲು ಪರೀಕ್ಷೆ ಮಾಡೋದು? ಯಾಕೆ ಮಾಡಲಿಲ್ಲ?"

ಉತ್ತರ ಕೊಟ್ಟವಳು ಮೂಲೆಯಲ್ಲಿ ನಿಂತಿದ್ದ, ಅಂಟು ಹಾಕಿದ್ದ ಹುಡುಗಿ. ಪರೀಕ್ಷೆಗೆ ಕಾಯಿಸಿದರೆ ಬಂದವರು ಬೇರೆ ಕಡೆ ಹೋಗುತ್ತಾರೆ ಅಂತ ನಮ್ಮ ಮೇಡಮ್ಮೇ ಬೇಡ ಅಂದಿದ್ದಾರೆ ಎಂದು ತಲೆ ತಗ್ಗಿಸಿದಳು. ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ ಇಬ್ಬರು ಹೆಂಗಸರು ಅದನ್ನು ಕೇಳಿಸಿಕೊಂಡು, ತಮ್ಮ ಚೀಲ ಎತ್ತಿಕೊಂಡು ಎದ್ದುಹೋದರು.

ಊತ ಪೂರ್ತಿ ಇಳಿಯುವ ಮೊದಲೇ ತಂಗಿ ಕೆಲಸಕ್ಕೆ ಹೋದಳು. ರೆಪ್ಪೆ ಇನ್ನೂ ಕೆಂಪಗಿತ್ತು, ಕೂದಲು ಅಲ್ಲಲ್ಲಿ ಬೋಳು. ಸೂಪರ್‌ವೈಸರ್ ನೋಡಿದ ಕೂಡಲೇ ಗೋಡೌನ್ ಕಡೆ ಕೈ ತೋರಿಸಿದ. ಅವಳು ಹೋಗಲಿಲ್ಲ. ತನ್ನ ಕೌಂಟರಿನ ಹಿಂದೆಯೇ ನಿಂತು ಮಿಕ್ಸಿ ಜೋಡಿಸಿದಳು. ಬಂದ ಹೆಂಗಸರೆಲ್ಲ ಮೊದಲು ಕೇಳಿದ್ದು ಮಿಕ್ಸಿಯನ್ನಲ್ಲ, ಕಣ್ಣಿಗೆ ಏನಾಯ್ತಮ್ಮ ಎಂದು. ಅವಳು ಒಬ್ಬೊಬ್ಬರಿಗೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಯಾರು ಏನಂದರು, ತಾನು ಎಲ್ಲಿ ಹೋದೆ, ಏನು ಕೇಳಬೇಕಿತ್ತು, ಏನು ಕೇಳಲಿಲ್ಲ, ಎಲ್ಲವನ್ನೂ. ಮಧ್ಯಾಹ್ನದ ಹೊತ್ತಿಗೆ ಕೌಂಟರಿನ ಮುಂದೆ ಗುಂಪು ಕಟ್ಟಿತು. ಸೂಪರ್‌ವೈಸರ್ ಬೆವರು ಒರೆಸಿಕೊಳ್ಳುತ್ತ ಬಂದು, ಅಂಗಡಿಯ ಮಾನ ಯಾಕೆ ತೆಗೆಯುತ್ತೀಯ, ಸುಮ್ಮನಿರು ಎಂದ. ತಾನು ಅಂದಿದ್ದು ತಮಾಷೆಗೆ ಎಂದೂ ಸೇರಿಸಿದ.

ಅವಳು ಮಿಕ್ಸಿ ಆಫ್ ಮಾಡಿದಳು. ಅವಳ ಸಿಟ್ಟು ಹೊರಗೆ ಬಂದದ್ದು ಆಗಲೇ, ಗುಂಪಿನ ನಡುವೆ.

"ತಮಾಷೆ ಅಂದ್ರೆ ಇಬ್ಬರೂ ನಗಬೇಕು ಸಾರ್. ನಾನು ನಗಲಿಲ್ಲ. ನಮ್ಮಮ್ಮ ನನ್ನ ಹತ್ರ ಕ್ಷಮೆ ಕೇಳಿದ್ರು, ನಿಮ್ಮ ಮಾತಿಗೆ. ನೀವು ಎಲ್ಲರ ಮುಂದೆ ಅಂದಿದ್ದು, ಎಲ್ಲರ ಮುಂದೇನೇ ವಾಪಸ್ ತಗೊಳ್ಳಿ."

ಫ್ರಿಜ್ ಮಾರುವ ಹುಡುಗಿ ತನ್ನ ಕೌಂಟರ್ ಬಿಟ್ಟು ಬಂದು ಅವಳ ಪಕ್ಕ ನಿಂತಳು. ಮಿಕ್ಸಿ ಕೊಳ್ಳಲು ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು, ಈ ಅಂಗಡಿಯ ಯಜಮಾನರು ಎಲ್ಲಿ ಕೂರುತ್ತಾರೆ ಎಂದು ಕೇಳಿ ನೇರವಾಗಿ ಮೇಲೆ ಹತ್ತಿದರು. ಅವರ ಹಿಂದೆ ಇನ್ನೂ ನಾಲ್ಕಾರು ಮಂದಿ ಹತ್ತಿದರು. ಮಾರನೆಯ ಬೆಳಗಿನ ಮೀಟಿಂಗಿನಲ್ಲಿ ಯಜಮಾನರ ಎದುರೇ ಸೂಪರ್‌ವೈಸರ್ ಕ್ಷಮೆ ಕೇಳಿದ. ದನಿ ಏಳಲಿಲ್ಲ. ಕೇಳಿಸಲಿಲ್ಲ ಎಂದಳು ಅವಳು. ಇನ್ನೊಮ್ಮೆ ಕೇಳಿದ. ಈ ಸಲ ಯಾರೂ ನಗಲಿಲ್ಲ.

ಫ್ರಿಜ್ ಹುಡುಗಿಗೆ ಮಾತ್ರ ರೆಪ್ಪೆಗೂದಲು ಹಾಕಿಸಿಕೊಳ್ಳುವ ಆಸೆ ನಿಜವಾಗಿಯೂ ಇತ್ತು, ಯಾರು ಏನೇ ಅನ್ನಲಿ. ಅವಳು ನರ್ಸಮ್ಮನ ಹತ್ತಿರ ಕೂತು ಎಲ್ಲ ಕೇಳಿ ತಿಳಿದುಕೊಂಡಳು. ಮೊದಲು ಪರೀಕ್ಷೆ ಮಾಡುತ್ತೀರಾ ಎಂದು ಪಾರ್ಲರಿನಿಂದ ಪಾರ್ಲರಿಗೆ ಕೇಳುತ್ತ ಹೋದಳು. ಇಲ್ಲ ಎಂದ ಕಡೆಯೆಲ್ಲ ತಿರುಗಿ ಬಂದಳು. ಹೌದು ಎಂದವರು ಕಿವಿಯ ಹಿಂದೆ ಅಂಟು ಹಚ್ಚಿ ಕಳಿಸಿ, ಏನೂ ಆಗದ ಮೇಲೆ ಗಿಡ್ಡದ, ಹಗುರವಾದ ಕೂದಲು ಹಾಕಿದರು. ಚೆನ್ನಾಗಿಯೇ ಕಂಡಿತು. ಅಕ್ಕನೂ ನೋಡಿ, ಪರವಾಗಿಲ್ಲ ಎಂದು ಗೊಣಗಿದಳು. ತಂಗಿ ತನಗೆ ಏನೂ ಬೇಡ ಎಂದಳು. ಅದು ಅವಳೇ ಹೇಳಿದ ಮಾತು. ಅಮ್ಮ ಈಗ ಕಣ್ಣಿನ ವಿಷಯಕ್ಕೆ ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ರೆಪ್ಪೆಗೆ ಅಂಟು ಹಾಕಿಸುವ ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಈ ಆಸೆ ನಿಮ್ಮದಾ, ಅಥವಾ ಯಾರೋ ಚುಚ್ಚಿದ್ದಕ್ಕೆ ಬಂದದ್ದಾ? ನಿಮ್ಮದೇ ಆದರೆ, ಕಿವಿಯ ಹಿಂದಿನ ಪರೀಕ್ಷೆ ಇಲ್ಲದೆ ಆ ಕುರ್ಚಿಯಲ್ಲಿ ಮಲಗಬೇಡಿ. ಹಗುರವಾದದ್ದನ್ನೇ ಕೇಳಿ. ಉರಿದರೆ ಎದ್ದು ಕೂರಿ. ಊದಿಕೊಂಡರೆ, ನೋವಾದರೆ, ಕಣ್ಣು ಮಂಜಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಕೀಳಬೇಡಿ.

ಪಾರ್ಲರ್ ನಡೆಸುವವರೇ, ಪರೀಕ್ಷೆಗೆ ಸಮಯವಿಲ್ಲ ಎನ್ನುವುದಾದರೆ ಇನ್ನೊಬ್ಬರ ಕಣ್ಣು ಮುಟ್ಟಬೇಡಿ. ಇನ್ನು, ಕೈಕೆಳಗಿನ ಹೆಣ್ಣುಮಕ್ಕಳ ಮುಖ ನೋಡಿ ನಗೆಯಾಡುವವರೇ, ನಿಮಗೆ ಹೇಳುವುದು ಇಷ್ಟೇ. ಅವರ ಕೆಲಸ ನೋಡಿ. ಮುಖ ಅವರದು.