ಹದಿಮೂರು ಗಂಟೆಯ ದಾರಿ

ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದ ಪಟ್ಟಿಯ ಮೇಲೆ ಮೂರನೇ ಸಲ ಬೆರಳಾಡಿಸಿದ ತಮ್ಮ. ಅಕ್ಕನ ಕೈಬರಹ. ತಂಗಿ ಇರುವ ಊರಿಗೆ ಒಂಬತ್ತು ಸಾವಿರ ಕಿಲೋಮೀಟರು, ಹದಿಮೂರು ಗಂಟೆ.

“ನಮ್ಮ ಗಡಿಯಾರದಲ್ಲಿ ಬೆಳಗಿನ ನಾಲ್ಕಕ್ಕೆ ತಂಗಿಯ ವಿಮಾನ ಹೊರಟಿದೆ. ಇಳಿಯೋದೇ ಸಂಜೆ ಐದಕ್ಕೆ. ಐದಕ್ಕೆ ಸ್ಮಶಾನದ ಗೇಟು ಹಾಕ್ತಾರೆ.”

“ಅಲ್ಲರೀ, ನಾನು ಬರೋವರೆಗೂ ಅಕ್ಕನ ಮುಖ ಮುಚ್ಚಬೇಡಿ ಅಂತ ಫೋನಲ್ಲಿ ಅಷ್ಟು ಅತ್ತಳಲ್ಲ,” ಅಂದಳು ಹೆಂಡತಿ.

“ನನಗೇನು ಕರುಳಿಲ್ವಾ? ನಾಳೆವರೆಗೆ ಇಡೋ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದು ನೀನೂ ಕೇಳಿದೀಯಲ್ಲ.”

ವಿಮಾನ ನಿಲ್ದಾಣದ ಫೋನು ಬೆಳಿಗ್ಗೆಯಿಂದ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಪಟ್ಟಿಯೊಂದೇ ಗತಿ. ಅಕ್ಕ ಮೂವತ್ತು ವರ್ಷ ವಿಮಾನದ ಟಿಕೆಟ್ ಕೌಂಟರಿನಲ್ಲಿ ಕೂತವಳು, ಊರಿಗೆಲ್ಲ ಗಂಟೆಯಕ್ಕ. ಯಾವ ಊರು ಎಷ್ಟು ದೂರ ಅಂದರೂ ನಾಲಿಗೆ ತುದಿಯಲ್ಲಿತ್ತು. ತನ್ನ ಮದುವೆಗೆ ಮಾತ್ರ ಗಳಿಗೆ ಕೂಡಿಬರಲಿಲ್ಲ ಅಂತ ತಾನೇ ನಗುತ್ತಿದ್ದಳು.

“ಮೂರೂಕಾಲು ಆಯ್ತು ಸಾರ್,” ಅಂದ ಶವದ ವ್ಯಾನಿನ ಡ್ರೈವರು. ಆಗಲಿ ಅಂತ ತಲೆ ಆಡಿಸಿ ಮುಖ ತಿರುಗಿಸಿಕೊಂಡ ತಮ್ಮ. ಶವಪೆಟ್ಟಿಗೆಯ ಮುಚ್ಚಳಕ್ಕೆ ಎರಡು ಸ್ಕ್ರೂ ಬಿತ್ತು.

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದವಳು ಅಕ್ಕನ ಪಕ್ಕದ ಕೌಂಟರಿನ ಗೆಳತಿ. “ತಂಗಿಯನ್ನ ಬಿಟ್ಟು ಮುಚ್ತಿದೀರಾ?”

ಪಟ್ಟಿ ತೋರಿಸಿದ ತಮ್ಮ. ಅವಳು ಹಣೆ ಚಚ್ಚಿಕೊಂಡಳು. “ಇದು ಕಾಯೋರಿಗೆ ಹೇಳೋ ಲೆಕ್ಕ ಕಣಪ್ಪಾ. ವಿಮಾನಕ್ಕೆ ಹನ್ನೊಂದೇ ಗಂಟೆ. ನಿನ್ನ ತಂಗಿ ಆಗಲೇ ಇಳಿದಿರಬೇಕು.”

* * *

ಹಿಂದೊಮ್ಮೆ ಒಬ್ಬ ಟೈಲರು ಮಗಳ ವಿಮಾನ ಯಾವಾಗ ಬರುತ್ತೆ ಅಂತ ಕೌಂಟರಿಗೆ ಬಂದಿದ್ದ. ಗಂಟೆಯಕ್ಕ ನಿಖರವಾಗಿ ಹೇಳಿದಳು. ಅಂದು ವಿಮಾನ ನಲವತ್ತು ನಿಮಿಷ ತಡ. ಆತ ಗಡಿಯಾರ ನೋಡುತ್ತ ನೋಡುತ್ತ ಕೌಂಟರಿನ ಮುಂದೆಯೇ ಕುಸಿದ. ಮಗಳು ನಗುತ್ತ ಬಂದು ಇಳಿದಾಗ ಅಪ್ಪ ಆಸ್ಪತ್ರೆಯಲ್ಲಿದ್ದ.

ಮರುದಿನ ಗಂಟೆಯಕ್ಕ ದೂರದ ಊರುಗಳಿಗೆಲ್ಲ ಎರಡೆರಡು ಗಂಟೆ ಸೇರಿಸಿ ಹೊಸ ಪಟ್ಟಿ ಬರೆದಳು.

“ಸುಳ್ಳಲ್ವೇನೇ?” ಅಂದಿದ್ದಳು ಗೆಳತಿ.

“ಬೇಗ ಬಂದರೆ ಯಾರೂ ಸಾಯಲ್ಲ ಬಿಡು.”

* * *

“ಹಾಗಾದ್ರೆ ತಂಗಿ ಹೋದಾಗೆಲ್ಲ…” ಅಂದ ತಮ್ಮ.

“ನಿನ್ನ ತಂಗಿ ಇಳಿದ ಕೂಡಲೇ ಕೌಂಟರಿಗೆ ಫೋನ್ ಮಾಡ್ತಿದ್ದಳು. ಒಮ್ಮೊಮ್ಮೆ ತಡ ಆಗೋದು. ಆ ಹೊತ್ತಲ್ಲಿ ನಿಮ್ಮಕ್ಕನ ಮುಖ ನೋಡೋಕಾಗ್ತಿರಲಿಲ್ಲ. ನೀವೆಲ್ಲ ಇನ್ನೂ ಎರಡು ಗಂಟೆ ಇದೆ ಅಂತ ಮನೇಲಿ ಆರಾಮಾಗಿ ಊಟ ಮಾಡ್ತಿದ್ರಿ.”

ಇಷ್ಟು ವರ್ಷ ಅವನ ಪಾಲಿನ ಗಾಬರಿಯನ್ನೂ ಅಕ್ಕ ಒಬ್ಬಳೇ ನುಂಗಿದ್ದಳು. ತಮ್ಮನಿಗೆ ನಾಚಿಕೆಯಾಯಿತು.

“ಮುಚ್ಚಳ ಬಿಚ್ಚಪ್ಪಾ,” ಅಂದ.

ಡ್ರೈವರು ಗೊಣಗಿದ. “ನಾಲ್ಕೂವರೆಗೆ ಹೊರಡಲಿಲ್ಲ ಅಂದ್ರೆ ಗೇಟು ಸಿಗಲ್ಲ. ಆಮೇಲೆ ನನ್ನನ್ನ ಅನ್ನಬೇಡಿ.”

ನಾಲ್ಕಾಯಿತು. ಬೀದಿಯಲ್ಲಿ ಯಾವ ಗಾಡಿ ಸದ್ದಾದರೂ ತಮ್ಮ ಎದ್ದು ಬಾಗಿಲಿಗೆ ಓಡಿದ. ಒಂದು ಹಾಲಿನ ವ್ಯಾನು, ಒಂದು ಸ್ಕೂಟರು. ನಾಲ್ಕೂ ಇಪ್ಪತ್ತಕ್ಕೆ ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು. ಡ್ರೈವರು ಮತ್ತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

ಆಗ ಟ್ಯಾಕ್ಸಿ ನಿಂತಿತು.

ತಂಗಿ ಯಾರನ್ನೂ ನೋಡದೆ ಒಳಗೆ ಬಂದು ಪೆಟ್ಟಿಗೆಯ ಪಕ್ಕ ಕುಸಿದಳು. ಅಕ್ಕನ ಕೆನ್ನೆಗೆ ಕೆನ್ನೆ ಇಟ್ಟಳು. ಡ್ರೈವರು ಹೊರಗೆ ಹೋಗಿ ನಿಂತುಕೊಂಡ.

ಹೊರಗೆ ನಿಂತ ಟ್ಯಾಕ್ಸಿ ಕಡೆ ನೋಡಿದ ತಮ್ಮ. “ಸಾಮಾನು ಟ್ಯಾಕ್ಸಿಯಲ್ಲಿದೆಯಾ? ಇಳಿಸಲಾ?”

ಅವಳು ತಲೆ ಎತ್ತಲಿಲ್ಲ.

“ಏರ್‌ಪೋರ್ಟಲ್ಲೇ ಬಿಟ್ಟು ಓಡಿಬಂದೆ ಅಣ್ಣ. ಸಾಮಾನಿನ ಬೆಲ್ಟಿನ ಮೇಲೆ ಸುತ್ತುತ್ತಾ ಇರುತ್ತೆ.”