ಗೋಡೆ ಪಕ್ಕದ ಮಂಚ

ಹಾಸ್ಟೆಲ್ಲಿನ ಗೇಟು ತೆಗೆದದ್ದೇ ತಡ, ನಾನು ಓಡಿದೆ. ಹೆಗಲ ಮೇಲೆ ತಂಗಿಯ ಹಾಸಿಗೆ ಸುರುಳಿ, ಕೈಯಲ್ಲಿ ನನ್ನ ಟವೆಲು. ಹೆಣ್ಣುಮಕ್ಕಳನ್ನು ಬಿಡಲು ಬಂದಿದ್ದ ಅಪ್ಪಂದಿರು ಮರ್ಯಾದಸ್ಥರ ಹಾಗೆ ಲಿಫ್ಟಿನ ಮುಂದೆ ಸಾಲು ನಿಂತಿದ್ದರು. ನಾನು ಮೆಟ್ಟಿಲು ಹಿಡಿದೆ. ಗಂಡಸರನ್ನು ಈ ಕಟ್ಟಡದೊಳಗೆ ಬಿಡುವುದು ಅದೊಂದೇ ದಿನ, ಅದೂ ಸಂಜೆಯ ಗಂಟೆ ಬಾರಿಸುವ ತನಕ. ಅಷ್ಟರೊಳಗೆ ನನಗೊಂದು ಗೋಡೆ ಬೇಕಿತ್ತು.

ನನ್ನ ತಂಗಿ, ಮನೆಯಲ್ಲಿ ಸಣ್ಣಿ ಅನ್ನುತ್ತೇವೆ, ನಿದ್ದೆಯಲ್ಲಿ ಉರುಳುತ್ತಾಳೆ. ಸುಮ್ಮನೆ ಮಗ್ಗುಲು ಬದಲಿಸುವುದಲ್ಲ, ಇಳಿಜಾರಿಗೆ ಬಿಟ್ಟ ಟೈರಿನ ಹಾಗೆ. ನಮ್ಮದು ಒಂದೇ ಕೋಣೆಯ ಮನೆ, ನೆಲದ ಮೇಲೆ ಹಾಸಿಗೆ. ಅತ್ತ ಗೋಡೆ, ಇತ್ತ ಅಮ್ಮ, ನಡುವೆ ಇವಳು. ಹುಟ್ಟಿದಾಗಿನಿಂದ ಹಾಗೇ. ಚಿಕ್ಕವಳಿದ್ದಾಗ ಒಮ್ಮೆ ಅತ್ತೆಯ ಮನೆಯಲ್ಲಿ ಮಂಚದ ಮೇಲೆ ಮಲಗಿಸಿದ್ದಕ್ಕೆ ಬಿದ್ದು ಹೆಗಲ ಮೂಳೆ ಮುರಿದುಕೊಂಡಳು. ಆಮೇಲೆ ಯಾರ ಮನೆಯಲ್ಲೂ ರಾತ್ರಿ ಉಳಿದವಳಲ್ಲ. ಯಾಕೆಂದು ನಾವು ಯಾರಿಗೂ ಹೇಳಿದವರೂ ಅಲ್ಲ. ಕಾಲೇಜು ಮುಟ್ಟಿದ ಹುಡುಗಿ ಮಂಚದಿಂದ ಬೀಳುತ್ತಾಳೆ ಅಂತ ಹೇಳಿಕೊಂಡು ತಿರುಗುವ ಮಾತೇ?

ಸೀಟು ಸಿಕ್ಕ ದಿನದಿಂದ ಅಮ್ಮನಿಗೆ ಇದೊಂದೇ ಚಿಂತೆ. ಯಾವ ಕೋರ್ಸು, ಎಷ್ಟು ವರ್ಷ, ಅದೊಂದೂ ಕೇಳಲಿಲ್ಲ. ಗೋಡೆ ಪಕ್ಕದ ಮಂಚ ಹಿಡಿ ಅಂದಳು. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಟೈರು ಅಂಗಡಿ ಸೇರಿದವನು. ಯೂನಿವರ್ಸಿಟಿಯಲ್ಲಿ ಏನನ್ನು ಹೇಗೆ ಹಿಡಿಯಬೇಕೋ ನನಗೇನು ಗೊತ್ತು? ಬಸ್ಸಿನಲ್ಲಿ ಸೀಟು ಹಿಡಿಯುವುದು ಗೊತ್ತು. ಕಿಟಕಿಯಿಂದ ಟವೆಲು ಎಸೆದರೆ ಸೀಟು ನಮ್ಮದು.

ಎರಡನೇ ಮಹಡಿಯ ಮೂಲೆಯ ಕೋಣೆ. ಮೂರು ಕಬ್ಬಿಣದ ಮಂಚ. ಒಂದು ಎಡಗೋಡೆಗೆ, ಒಂದು ಬಲಗೋಡೆಗೆ, ಇನ್ನೊಂದು ನಟ್ಟನಡುವೆ ಅನಾಥವಾಗಿ. ಬಲಗಡೆಯದರ ಮೇಲೆ ಕನ್ನಡಕದ ಹುಡುಗಿಯೊಬ್ಬಳು ಆಗಲೇ ಕೂತು ದಿಂಬಿಗೆ ಕವರು ಹಾಕುತ್ತಿದ್ದಳು. ಎಡಗಡೆಯದು ಖಾಲಿ. ಟವೆಲು ಎಸೆದೆ. ಅದರ ಮೇಲೆ ನಾನೂ ಕೂತೆ.

ಮಂಚದ ಕೆಳಗೆ ನೋಡಲಿಲ್ಲ. ಅಲ್ಲೊಂದು ನೀಲಿ ಸೂಟ್‌ಕೇಸ್ ಇತ್ತು.

ಸೂಟ್‌ಕೇಸಿನವಳು ನೆತ್ತಿಯ ಮೇಲೆ ಜುಟ್ಟು ಕಟ್ಟಿದ್ದ ಎತ್ತರದ ಹುಡುಗಿ. ಕೈಕಾಲು ತೊಳೆದು ಬಂದಳು, ಹಿಂದೆ ಅವಳ ತಾಯಿ. ಅವರ ಬೆನ್ನಿಗೇ ಸಣ್ಣಿ ಬಕೆಟ್ಟು ಹಿಡಿದು ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

ಇದು ನಮ್ಮ ಮಗಳ ಮಂಚ, ಸ್ವಲ್ಪ ಏಳುತ್ತೀರಾ ಅಂತ ಆ ತಾಯಿ ನಯವಾಗಿಯೇ ಕೇಳಿದರು. ಆ ನಯವೇ ನನ್ನ ಮೈ ಉರಿಸಿತು. ಅಂಗಡಿಗೆ ಬರುವ ಕಾರಿನವರೂ ಹೀಗೇ, ಗಾಜು ಅರ್ಧ ಇಳಿಸಿ ನಯವಾಗಿ ಮಾತಾಡುತ್ತಾರೆ. ಮಂಚದ ಮೇಲೆ ಏನೂ ಇರಲಿಲ್ಲ ಅಂದೆ. ಕೆಳಗೆ ಇತ್ತಲ್ಲ ಅಂದರು. ಕೆಳಗೆ ಇಟ್ಟವರು ಕೆಳಗೇ ಮಲಗಲಿ ಅಂದುಬಿಟ್ಟೆ. ಕನ್ನಡಕದವಳು ದಿಂಬಿನ ಹಿಂದೆ ಮುಖ ಮರೆಸಿಕೊಂಡಳು. ಬೇಡ ಅಣ್ಣ ಅಂತ ಸಣ್ಣಿ ಕಣ್ಣಲ್ಲೇ ಹೇಳಿದಳು. ನಾನು ಎದ್ದರೆ ಅವಳಿಗೆ ನಡುವಿನ ಮಂಚವೇ ಗತಿ. ಏಳಲಿಲ್ಲ.

ಗಲಾಟೆ ಕೇಳಿ ವಾರ್ಡನ್ ಬಂದರು. ಜಗಳವಾದ ಕೋಣೆಯಿಂದ ಒಬ್ಬರನ್ನು ಎತ್ತಿ ಕೆಳಗಿನ ದೊಡ್ಡ ಹಾಲಿಗೆ ಹಾಕುವುದು ಅಲ್ಲಿಯ ಪದ್ಧತಿಯಂತೆ. ಆ ಹಾಲನ್ನು ಬರುವಾಗಲೇ ಕಂಡಿದ್ದೆ. ಗೋಡೆಗುಂಟ ಕಪಾಟು, ನಡುವೆ ಗೋದಾಮಿನ ಹಾಗೆ ಸಾಲು ಸಾಲು ಮಂಚ. ಅಷ್ಟು ಜನರ ಮಧ್ಯೆ ಮೊದಲ ರಾತ್ರಿಯೇ ಇವಳು ಧೊಪ್ಪೆಂದು ಬಿದ್ದರೆ?

"ಯಾಕ್ರೀ ನಿಮಗೆ ಇದೇ ಮಂಚ ಬೇಕು?" ವಾರ್ಡನ್ ಕೇಳಿದರು.

ಮಂಚದ ಪಕ್ಕ ಕಿಟಕಿ ಕಂಡಿತು. "ಇವಳಿಗೆ ಉಬ್ಬಸ ಮೇಡಂ. ಗಾಳಿ ಬೇಕು," ಅಂದೆ.

ಆ ತಾಯಿಯ ನಯ ಒಂದೇ ಏಟಿಗೆ ಇಳಿಯಿತು. ರಾತ್ರಿಯಿಡೀ ಕೆಮ್ಮುವವರ ಪಕ್ಕದಲ್ಲಿ ನಮ್ಮ ಹುಡುಗಿ ಓದುವುದು ಹೇಗೆ, ಅಂಟುವಂಥದ್ದೋ ಏನೋ ಯಾರಿಗೆ ಗೊತ್ತು ಅಂತ ಶುರುಮಾಡಿದರು. ವಾರ್ಡನ್ ಸಣ್ಣಿಯ ಏದುಸಿರನ್ನೇ ನೋಡುತ್ತಿದ್ದರು. ಕಾಯಿಲೆಯವರು ಡಾಕ್ಟರ ಚೀಟಿ ತರುವ ತನಕ ಆಫೀಸಿನ ಪಕ್ಕದ ಸಿಕ್ ರೂಮಿನಲ್ಲಿ ಇರಬೇಕು ಅಂದರು. ಅಲ್ಲಿ ಬೇರೆ ಯಾರೂ ಇಲ್ಲ, ಒಬ್ಬಳೇ ಆರಾಮಾಗಿ ಇರಬಹುದು, ಆಸ್ಪತ್ರೆಯ ಮಂಚ, ಚೆನ್ನಾಗಿ ಎತ್ತರವಾಗಿದೆ.

ಎತ್ತರ ಅಂದದ್ದೇ ನನಗೆ ಅತ್ತೆಯ ಮನೆಯ ಮಂಚ ನೆನಪಾಯಿತು. ಆ ಮೂಳೆ ಮುರಿದ ಸದ್ದು ಕೇಳಿದವನು ನಾನು. ಉಬ್ಬಸ ಅಷ್ಟೇನಿಲ್ಲ ಮೇಡಂ, ಚಳಿಗಾಲದಲ್ಲಿ ಮಾತ್ರ ಅಂತ ತೊದಲಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಾರ್ಡನ್ ಆಗಲೇ ಬಕೆಟ್ಟಿಗೆ ಕೈ ಹಾಕಿದ್ದರು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು. ಅಮ್ಮ.

ಸಣ್ಣಿ ಬಕೆಟ್ಟು ಬಿಡಲಿಲ್ಲ.

"ನನಗೆ ಯಾವ ಕಾಯಿಲೆನೂ ಇಲ್ಲ ಮೇಡಂ. ನಿದ್ದೇಲಿ ಉರುಳ್ತೀನಿ. ಮಂಚದಿಂದ ಬಿದ್ದುಬಿಡ್ತೀನಿ. ಅದಕ್ಕೇ ಗೋಡೆ ಬೇಕಿತ್ತು. ಹೇಳೋಕೆ ನಮ್ಮಣ್ಣನಿಗೆ ನಾಚಿಕೆ."

ನಾಚಿಕೆ ನನಗಂತೆ! ಇಷ್ಟು ವರ್ಷ ಮನೆಮಂದಿಯೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ್ದನ್ನು ಮುಖಪರಿಚಯವೂ ಇಲ್ಲದವರ ಮುಂದೆ ಒಂದೇ ಉಸಿರಿಗೆ ಸುರಿದುಬಿಟ್ಟಳು. ಜುಟ್ಟಿನವಳು ಕಿಸಕ್ಕೆಂದಳು. ನಾನು ಎದ್ದು ನಿಂತೆ. ಅಂಗಡಿಯಲ್ಲಿ ಯಾರಾದರೂ ಹಾಗೆ ನಕ್ಕಿದ್ದರೆ ಕೈಗೆ ಸ್ಪ್ಯಾನರು ಬರುತ್ತಿತ್ತು.

ನಾನು ಎದ್ದಿದ್ದರಿಂದ ಮಂಚ ಖಾಲಿಯಾಯಿತು. ಈಗ ಜುಟ್ಟಿನವಳು ಬಂದು ಕೂತುಬಿಡುತ್ತಾಳೆ ಅಂದುಕೊಂಡೆ. ಅವಳು ಟವೆಲು ತೆಗೆದು ನನ್ನ ಕೈಗಿಟ್ಟಳು. ಆಮೇಲೆ ಮಂಚದ ಕಾಲು ಹಿಡಿದು ನಡುವಿನದರ ಕಡೆ ಎಳೆದಳು. ಕಬ್ಬಿಣ ನೆಲವನ್ನು ಕೆರೆದ ಸದ್ದಿಗೆ ವಾರ್ಡನ್ ಕಿವಿ ಮುಚ್ಚಿಕೊಂಡರು.

"ಮನೇಲಿ ನಾನು, ನಮ್ಮಕ್ಕ ಹಿಂಗೇ ಜೋಡಿಸ್ಕೊಂಡು ಮಲಗೋದು," ಅಂದಳು ಸಣ್ಣಿಗೆ. "ನೀನು ನಡುವೆ ಮಲಕ್ಕೋ. ಉರುಳಿದ್ರೆ ನನ್ನ ಮೇಲೆ ಉರುಳು, ವಾಪಸ್ ತಳ್ತೀನಿ."

"ನನ್ನ ಕಡೆ ಬಂದ್ರೆ ಒದೀತೀನಿ," ಅಂದಳು ಕನ್ನಡಕದವಳು. ಅಲ್ಲಿಯ ತನಕ ತುಟಿ ಬಿಚ್ಚದವಳು ಎದ್ದು ತನ್ನ ಮಂಚವನ್ನೂ ತಳ್ಳಿದಳು.

ನಿನಗೆ ನಿದ್ದೆ ಕೆಡುತ್ತದೆ ಅಂತ ತಾಯಿ ಮಗಳಿಗೆ ಏನೋ ಹೇಳಹೊರಟರು. ಮಗಳು ಅವರ ಕೈ ಹಿಡಿದು ಸುಮ್ಮನಾಗಿಸಿದಳು. ಮಂಚ ಸರಿಸುವುದು ನಿಯಮದಲ್ಲಿಲ್ಲ, ಬೆಳಗ್ಗೆ ಗುಡಿಸುವವರು ಬರುವ ಹೊತ್ತಿಗೆ ಮೊದಲಿದ್ದ ಜಾಗದಲ್ಲೇ ಇರಬೇಕು ಅಂತ ಗೊಣಗಿ ವಾರ್ಡನ್ ಹೋದರು.

ಗಂಟೆ ಹೊಡೆಯಿತು. ಸಣ್ಣಿ ಬಾಗಿಲ ತನಕ ಬಂದಳು. ಏನಾದರೂ ಹೇಳುತ್ತಾಳೆ ಅಂತ ನಿಂತೆ. ಅಷ್ಟರಲ್ಲಿ ಒಳಗಿನಿಂದ ಜುಟ್ಟಿನವಳ ದನಿ: "ಏ ಉರುಳಿ, ಕಪಾಟು ಯಾವುದು ಬೇಕು ನೋಡು ಬಾ."

ನಾಳೆಯ ಹೊತ್ತಿಗೆ ಆ ಹೆಸರು ಮೂರು ಮಹಡಿಯನ್ನೂ ಸುತ್ತಿರುತ್ತದೆ. ಸಣ್ಣಿ ಬಂದೆ ಅಂದಳು. ನನಗಲ್ಲ, ಅವಳಿಗೆ.

ಹೊರಗೆ ಬಂದು ಫೋನು ತೆಗೆದೆ.

"ಗೋಡೆ ಸಿಕ್ತೇನೋ?" ಅಮ್ಮ ಕೇಳಿದಳು.

"ಸಿಕ್ತು."

"ಯಾವ ಕಡೆ? ಅವಳು ಬಲಕ್ಕೇ ಜಾಸ್ತಿ ಉರುಳೋದು."

"ಎರಡೂ ಕಡೆ."

"ಏನು ಕೇಳಿದ್ರೂ ಸಿಟ್ಟಲ್ಲೇ ಹೇಳ್ತೀಯಪ್ಪ ನೀನು. ನೆಟ್ಟಗೆ ಹೇಳು."

ನಾನು ಎರಡನೇ ಮಹಡಿಯ ಮೂಲೆಯ ಕಿಟಕಿಯನ್ನು ಹುಡುಕುತ್ತಿದ್ದೆ. ದೀಪ ಹತ್ತಿತ್ತು. ಮಂಚ ಜೋಡಿಸಿದರು ಸರಿ, ಕಾಲಿಗೆ ಕಾಲು ಕಟ್ಟಿದರೋ ಇಲ್ಲವೋ? ಕಟ್ಟದಿದ್ದರೆ ಇವಳು ಉರುಳುವ ರಭಸಕ್ಕೆ ಮಂಚ ಸರಿದು ಸಂದಾಗುತ್ತದೆ. ಆ ಸಂದಿನಲ್ಲಿ ಕಾಲು ಸಿಕ್ಕಿಕೊಂಡರೆ? ಅಮ್ಮ ಇನ್ನೂ ಮಾತಾಡುತ್ತಲೇ ಇದ್ದಳು. ನಾನು ಗೇಟಿಗೆ ವಾಪಸ್ ಹೋದೆ. ಒಳಗೆ ಬಿಡಲ್ಲಪ್ಪ, ಗಂಟೆ ಆಯ್ತು ಅಂದ ಕಾವಲಿನವನು. ನನಗೆ ಒಳಗೆ ಬರಬೇಕಿಲ್ಲ ಅಂದೆ. ಟವೆಲನ್ನು ಉದ್ದಕ್ಕೆ ಎರಡಾಗಿ ಹರಿದು ಅವನ ಕೈಗೆ ಕೊಟ್ಟೆ.

"ಎರಡನೇ ಮಹಡಿ, ಮೂಲೆ ಕೋಣೆ. ಮಂಚದ ಕಾಲು ಕಟ್ಕೊಳ್ಳೋಕೆ ಅಂತ ಹೇಳಿ. ಎಡಕ್ಕೊಂದು, ಬಲಕ್ಕೊಂದು."