ಒಂಬತ್ತು ದಿನದ ದಾರಿ, ಎರಡು ದಿನದ ಹಟ

ಕೌಜಲಗಿಯ ದಾಕ್ಷಾಯಿಣಿಗೆ ಹೊಟ್ಟೆಕಿಚ್ಚು ಹತ್ತಿದ್ದು ಒಂದು ಫೋಟೋ ನೋಡಿ. ಅದನ್ನು ವಾಟ್ಸಾಪಿನಲ್ಲಿ ಹಾಕಿದವಳು ಅವಳ ಗಂಡ ಮಲ್ಲೇಶನ ಅಣ್ಣನ ಹೆಂಡತಿ ಶೋಭಾ, ವರಸೆಯಲ್ಲಿ ನೆಗೆಣ್ಣಿ. ಶೋಭಾಳ ಮನೆ ಹುಕ್ಕೇರಿಯಲ್ಲಿ. ಗಂಡ ಬಸವಲಿಂಗ ನಿಡಸೋಸಿಯ ಕಾಲೇಜಿನಲ್ಲಿ ಮಾಸ್ತರ. ಬೇಸಿಗೆ ರಜೆಯಲ್ಲಿ ಅವರು ಮಂಚ, ಒಲೆ, ನೀರಿನ ಟಾಕಿ ಎಲ್ಲ ಇರುವ ಒಂದು ವ್ಯಾನು ಹಿಡಿದು, ಏಳು ವರ್ಷದ ಮಗ ಅಭಿಷೇಕನ ಜೊತೆ ಹಿಮಾಚಲದ ಎತ್ತರದ ಕಣಿವೆಗಳನ್ನು ಸುತ್ತಿ ಬಂದಿದ್ದರು. ಫೋಟೋದಲ್ಲಿ ಹಿಂದೆ ಹಿಮದ ಗುಡ್ಡ. ಮುಂದೆ ವ್ಯಾನಿನ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿರುವ ಶೋಭಾ. ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವ ಅಭಿಷೇಕ. ಕೆಳಗೆ ಬರೆದಿತ್ತು: ಹದಿನಾಲ್ಕು ಸಾವಿರ ಅಡಿ.

ದಾಕ್ಷಾಯಿಣಿ ಆ ಫೋಟೋ ನೋಡಿ ಮುಖ ಸೊಟ್ಟಗೆ ಮಾಡಿದಳು. ಮೊಬೈಲು ಮುಚ್ಚಿಟ್ಟು ರೊಟ್ಟಿ ಬಡಿದಳು. ಎರಡು ರೊಟ್ಟಿಯಾದ ಮೇಲೆ ಮತ್ತೆ ತೆಗೆದು ನೋಡಿದಳು. ಶೋಭಾ ಹಾಕಿಕೊಂಡ ಸ್ವೆಟರು ಹೊಸದೋ ಹಳೆಯದೋ ಎಂದು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಹೊಸದೇ ಇತ್ತು. ಮಧ್ಯಾಹ್ನ ಮಹಿಳಾ ಸಂಘದ ಸಭೆಗೆ ಹೋದರೆ ಅಲ್ಲೂ ಅದೇ ಮಾತು. ಸಂಘದ ಅಧ್ಯಕ್ಷೆ ಗೌರಕ್ಕ, "ನಿಮ್ಮ ನೆಗೆಣ್ಣಿ ಏನ ಧೈರ್ಯದಾಕಿ ಯವ್ವಾ, ಸಣ್ಣ ಹುಡುಗನ ಕಟಗೊಂಡ ಅಷ್ಟ ಎತ್ತರಕ್ಕ ಹೋಗಿ ಬಂದಾಳ" ಅಂದಳು. ದಾಕ್ಷಾಯಿಣಿ ನಕ್ಕಳು. ಒಳಗೊಳಗೇ ಕುದಿದಳು.

ಸಂಕಟ ಇನ್ನೊಂದಿತ್ತು. ಗಾಡಿ ಇದ್ದದ್ದು ಇವರ ಮನೆಯಲ್ಲಿ. ಮದುವೆ ದಿಬ್ಬಣಕ್ಕೆ ಹೋಗುವ ಟೆಂಪೋ ಟ್ರಾವೆಲರ್ ಮಲ್ಲೇಶನದೇ.

"ಗಾಡಿ ಮಾಲಕನ ಹೆಂಡ್ತಿ ಒಲಿ ಮುಂದ ಕುಂದರಬೇಕು, ಮಾಸ್ತರ ಹೆಂಡ್ತಿ ಗಾಡ್ಯಾಗ ಊರ ತಿರಗಬೇಕು. ಇದ ಎಲ್ಲೀ ನ್ಯಾಯರಿ?" ಎಂದು ಗಂಡನನ್ನು ಹಿಡಿದಳು.

ಮಲ್ಲೇಶ ಜಗಳಕ್ಕೆ ಹೆದರುವ ಮನುಷ್ಯ. "ದಸರಾ ಸೂಟಿಗೆ ಹೋಗೂಣು" ಅಂದ.

ಮೂಡಲಗಿಯಲ್ಲಿ ವೆಲ್ಡಿಂಗ್ ಅಂಗಡಿಯ ಖಂಡೆಪ್ಪ ಹಿಂದಿನ ಸೀಟುಗಳನ್ನು ಕಳಚಿ ಮಂಚ ಕೂರಿಸಿದ. ದಾಕ್ಷಾಯಿಣಿ ಅಲ್ಲಿಗೂ ಹೋಗಿ ನಿಂತಳು. "ಹುಕ್ಕೇರಿಯವರ ಗಾಡ್ಯಾಗ ಮಂಚ ಆರ ಅಡಿ ಅಂತ. ನಮ್ದು ಆರೂವರಿ ಮಾಡ್ರಿ" ಅಂದಳು. ಖಂಡೆಪ್ಪ ಹಾಗೇ ಮಾಡಿದ. ಗಾಡಿಯ ಹಿಂದಿನ ಬಾಗಿಲು ಮುಚ್ಚಲಿಲ್ಲ. ಮತ್ತೆ ಅರ್ಧ ಅಡಿ ಕತ್ತರಿಸಬೇಕಾಯಿತು.

ಹೊರಡುವ ಹಿಂದಿನ ದಿನ ಶೋಭಾಳ ಫೋನು ಬಂತು.

"ದಾಕ್ಷಾ, ಅವಸರ ಮಾಡಬ್ಯಾಡ. ಮನಾಲಿಯಿಂದ ಆ ಜಾಗಾ ಮುಟ್ಟಾಕ ನಾವು ಒಂಬತ್ತು ದಿನ ತಗೊಂಡ್ವಿ. ಕೂಸು ಐತಿ ನಿನ್ನ ಜೋಡಿ. ನಾ ಎಲ್ಲಾ ವಿವರ ವಾಯ್ಸ್ ಮೆಸೇಜ್ ಮಾಡೇನಿ, ಪೂರಾ ಕೇಳು."

"ಹೂಂ ಅಕ್ಕಾ, ಕೇಳ್ತೇನ್ರಿ" ಅಂದಳು ದಾಕ್ಷಾಯಿಣಿ.

ಮೆಸೇಜು ನಾಲ್ಕು ನಿಮಿಷದ್ದು. "ನಾವು ಮೇಲೆ ಹೋದಾಗ..." ಎಂದು ಶೋಭಾಳ ದನಿ ಶುರುವಾಯಿತು. ಅಷ್ಟು ಕೇಳಿದ್ದೇ ದಾಕ್ಷಾಯಿಣಿ ಬಂದ್ ಮಾಡಿದಳು.

"ಬಡಾಯಿ ಚಾಲೂ ಆತು ನೋಡ್ರಿ ಅತ್ತಿ" ಎಂದು ಅತ್ತೆ ಚನ್ನವ್ವನ ಮುಂದೆ ಹೇಳಿದಳು. "ನಾವು ಲಗೂನ ಮುಟ್ಟಿದ್ರ ಆಕಿ ಹೆಸರು ಕೆಳಗ ಬೀಳ್ತೈತಲ್ಲ, ಅದಕ್ಕ ಸಾವಕಾಶ ಹೋಗ್ರಿ ಅನ್ನಾಕತ್ತಾಳ. ಒಂಬತ್ತ ದಿನ ಅಂತ. ನಾವು ಎರಡ ದಿನದಾಗ ಏರಿ ತೋರಸ್ತೇವಿ."

ತನ್ನ ಹೊಟ್ಟೆಯಲ್ಲಿ ಕಿಚ್ಚಿದ್ದವರಿಗೆ ಎದುರಿನವರ ಮಾತಿನಲ್ಲೂ ಕಿಚ್ಚೇ ಕೇಳಿಸುತ್ತದೆ. ದಾಕ್ಷಾಯಿಣಿಗೂ ಹಾಗೇ ಆಯಿತು.

ಗಾಡಿ ಹೊರಟಿತು. ಗಂಡ, ಹೆಂಡತಿ, ಅತ್ತೆ, ಆರು ವರ್ಷದ ಮಗಳು ಶಿವಲೀಲಾ. ಗೋಕಾಕದಲ್ಲಿ ಎರಡು ಕಿಲೋ ಕರದಂಟು ಕಟ್ಟಿಸಿಕೊಂಡರು. ಲೀಲಾ ಬಾಯಿಬಡುಕಿ. ಗೋಕಾಕದಿಂದ ಮನಾಲಿಯವರೆಗೆ ಐದು ದಿನ ಅವಳ ಬಾಯಿಗೆ ಬಿಡುವಿರಲಿಲ್ಲ. ಲಾರಿ ಕಂಡರೆ ಪ್ರಶ್ನೆ, ಒಂಟೆ ಕಂಡರೆ ಪ್ರಶ್ನೆ, ಬಾಯಿ ಖಾಲಿಯಾದರೆ ಕರದಂಟು.

ಮನಾಲಿಯಲ್ಲಿ ಒಂದೇ ರಾತ್ರಿ ತಂಗಿದರು. ಮರುದಿನ ನಸುಕಿನಲ್ಲೇ ಹೊರಟು, ಸುರಂಗ ದಾಟಿ, ಹತ್ತು ಗಂಟೆಗೆ ಹೊಳೆ ದಂಡೆಯ ಒಂದು ಹಳ್ಳಿ ಸೇರಿದರು. ಅಲ್ಲಿಗೇ ಹತ್ತೂವರೆ ಸಾವಿರ ಅಡಿ. ನಮ್ಮ ಕೌಜಲಗಿ ಎರಡು ಸಾವಿರ ಅಡಿಯ ಆಸುಪಾಸು ಇರುವ ಊರು, ಅದನ್ನು ನೆನಪಿಡಿ.

"ಇವತ್ತ ಇಲ್ಲೇ ಇರೂಣೇನು? ವೈನಿ ಹೇಳಿದ್ರಲ್ಲ, ಸಾವಕಾಶ ಹೋಗ್ರಿ ಅಂತ" ಅಂದ ಮಲ್ಲೇಶ.

"ನಿಮ್ಮ ವೈನಿ ಮಾತ ಕೇಳೂದಿದ್ರ ಆಕೀನ ಕರಕೊಂಡ ಬರಬೇಕಿತ್ತು. ನಡ್ರಿ ಮ್ಯಾಲೆ" ಅಂದಳು ದಾಕ್ಷಾಯಿಣಿ.

ಗಾಡಿ ಮತ್ತೆ ಏರಿತು. ಗಿಡಗಳು ಮುಗಿದವು. ಬರೀ ಕಲ್ಲು, ಗಾಳಿ, ದೂರದಲ್ಲಿ ಬೆಳ್ಳಗೆ ಹಿಮ. ಲೀಲಾ ಯಾವಾಗ ಮಾತು ನಿಲ್ಲಿಸಿದಳೋ ಯಾರೂ ಲಕ್ಷ್ಯ ಕೊಡಲಿಲ್ಲ. ಮಧ್ಯಾಹ್ನ ಎರಡೂವರೆಗೆ ಹದಿನಾಲ್ಕು ಸಾವಿರ ಅಡಿಯ ಬಯಲಿಗೆ ಬಂದು ನಿಂತರು. ಅದೇ ಗುಡ್ಡ, ಅದೇ ಹಿಮ. ದಾಕ್ಷಾಯಿಣಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂಬತ್ತು ದಿನದ್ದನ್ನು ಎರಡೇ ದಿನದಲ್ಲಿ ಮುಗಿಸಿದ್ದಳು.

"ಬಾ ಲೀಲಾ, ಬಾಗಲದಾಗ ಕುಂದರು. ಫೋಟೋ ತಗೀತೇನಿ. ನಗು."

ಲೀಲಾ ನಗಲಿಲ್ಲ. "ಮಮ್ಮಿ, ತಲಿ ಬ್ಯಾನಿ ಆಗೈತಿ" ಅಂದಳು.

"ಒಂದ ಸಲ ನಗು, ಆಮ್ಯಾಲೆ ಮಲಕೊಳ್ಳಿಯಂತ."

ಮಗು ಪ್ರಯತ್ನಪಟ್ಟಿತು. ತುಟಿ ಅಗಲಿಸಿತು. ಹಾಗೇ ಮುಂದೆ ಬಾಗಿ ವಾಂತಿ ಮಾಡಿಕೊಂಡಿತು.

ಒಳಗೆ ಮಲಗಿಸಿದರು. ನೀರು ಕುಡಿಸಿದರೆ ಅದೂ ಹೊರಗೆ ಬಂತು. ಬಾಯಿಗೆ ಹಿಡಿದ ಕರದಂಟನ್ನು ಕೈಯಿಂದ ದೂಡಿತು. ಕರೆದರೆ "ಹೂಂ" ಅನ್ನುತ್ತಿತ್ತು, ಕಣ್ಣು ತೆರೆಯುತ್ತಿರಲಿಲ್ಲ. ದಾಕ್ಷಾಯಿಣಿ ಹೆದರಿದಳು. ಆದರೆ ಆಗಲೂ ಅವಳ ಮನಸ್ಸು ಹೋದದ್ದು ಹುಕ್ಕೇರಿಯ ಕಡೆಗೇ.

"ಇದು ಆಕೀ ಕಣ್ಣ ಬಿದ್ದದ್ದು. ನಾವು ಹೊಂಟಾಗಿಂದ ಆಕಿಗೆ ತಡಿಯಾಕ ಆಗಿಲ್ಲ. ನನ್ನ ಕೂಸಿಗೆ ದೃಷ್ಟಿ ಹಚ್ಯಾಳ" ಎನ್ನುತ್ತ ಉಪ್ಪು, ಒಣಮೆಣಸಿನಕಾಯಿ ತೆಗೆದಳು. ಚಳಿಯೆಂದು ಗಾಡಿಯ ಕಿಟಕಿ ಬಾಗಿಲು ಎಲ್ಲ ಮುಚ್ಚಿತ್ತು. ಮಗುವಿಗೆ ಮೂರು ಸಲ ನಿವಾಳಿಸಿ ಇಳಿ ತೆಗೆದು, ಸಣ್ಣ ಗ್ಯಾಸ್ ಒಲೆ ಹಚ್ಚಿ, ಮೆಣಸಿನಕಾಯಿ ಉರಿಗೆ ಹಾಕಿದಳು.

ಮುಚ್ಚಿದ ಗಾಡಿಯಲ್ಲಿ ಘಾಟು ಎದ್ದಿತು ನೋಡಿ. ಚನ್ನವ್ವ ಕೆಮ್ಮಿದಳು, ಮಲ್ಲೇಶ ಕೆಮ್ಮಿದ, ಮಗುವೂ ಕೆಮ್ಮಿತು. ಮಲ್ಲೇಶ ಒಲೆ ಆರಿಸಿ, ಎರಡೂ ಬಾಗಿಲು ತೆಗೆದ.

ಚನ್ನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳ ತಲೆಯೂ ಭಾರವಾಗಿತ್ತು, ಸೊಸೆಯ ಹಟದ ಮುಂದೆ ಹೇಳಿರಲಿಲ್ಲ. ಎಷ್ಟೋ ಮಕ್ಕಳಿಗೆ ದೃಷ್ಟಿ ತೆಗೆದ ಕೈ ಅವಳದು. ನಿಧಾನವಾಗಿ ಹೇಳಿದಳು:

"ದಾಕ್ಷಾಯಿಣಿ, ದೃಷ್ಟಿ ಆಗಿದ್ರ ಮೆಣಸಿನಕಾಯಿ ಘಾಟು ಬರೂದಿಲ್ಲ ಅಂತೇವಿ. ಇಲ್ಲಿ ಉಸಿರಾಡಾಕ ಆಗವಲ್ದು. ಯಾರ ಕಣ್ಣೂ ಬಿದ್ದಿಲ್ಲವ್ವ. ಇದು ಬ್ಯಾರೆ ಏನೋ ಐತಿ. ಶೋಭಾ ಏನೋ ಕಳಸ್ಯಾಳ ಅಂದಿದ್ದಿ, ಅದನ್ನರೆ ಕೇಳು."

ಅಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಆದರೆ ಆ ಮೆಸೇಜು ಮೊಬೈಲಿನಲ್ಲೇ ಇತ್ತು. ದಾಕ್ಷಾಯಿಣಿ ಒತ್ತಿದಳು.

"ನಾವು ಮೇಲೆ ಹೋದಾಗ ಒಂದ ದೊಡ್ಡ ತಪ್ಪ ಮಾಡಿದ್ವಿ ದಾಕ್ಷಾ," ಶೋಭಾಳ ದನಿ ಹೇಳಿತು. "ನಾ ಯಾರ ಮುಂದೂ ಹೇಳಿಲ್ಲ. ಮನಾಲಿಯಿಂದ ಒಂದ ದಿನದಾಗ ಏರಿದ್ವಿ. ಅಭಿಷೇಕ ವಾಂತಿ ಮಾಡಾಕ ಹತ್ತಿದ. ತಲಿ ನೋವು ಅಂದ, ಉಣ್ಣಲಿಲ್ಲ, ಆಡಲಿಲ್ಲ, ಸುಮ್ಮನ ಬಿದ್ದ. ಗಾಡಿ ಹೊಲಸ ರಸ್ತಾದಾಗ ಕುಲುಕಿದ್ದಕ್ಕ ಆಗೈತಿ, ಮಲಕೊಂಡ್ರ ಹೋಗ್ತೈತಿ ಅಂತ ನಾ ಅಂದೆ. ಒಬ್ಬ ಕುರಿ ಕಾಯೂ ಅಜ್ಜ ಬಂದು ನೋಡಿ, ಈಗಿಂದೀಗ ಇಳೀರಿ ಅಂತ ಬೈದ. ಎತ್ತರದಾಗ ಗಾಳಿ ತೆಳ್ಳಗ ಇರ್ತೈತಿ. ನಮ್ಮ ಮೈಗೆ ಅದು ರೂಢಿ ಆಗಾಕ ದಿನಾ ಬೇಕು. ರೂಢಿ ಆಗೂದ್ರೊಳಗ ಏರಿದ್ರ ಮಿದುಳಿಗೆ, ಪುಪ್ಪುಸಕ್ಕ ನೀರ ತುಂಬಿ ಜೀವಾನ ಹೋಗಬಹುದು. ಸಣ್ಣ ಮಕ್ಕಳಿಗೆ ಹೇಳಾಕ ಬರೂದಿಲ್ಲ, ನಾವ ನೋಡಬೇಕು. ಕೂಸು ಹಂಗ ಮಾಡಿದ್ರ ಮುಂಜಾನಿ ಆಗ್ಲಿ ಅಂತ ಕಾಯಬ್ಯಾಡ. ಔಷಧ ಹುಡುಕಬ್ಯಾಡ. ಮೊದಲ ಕೆಳಗ ಇಳಿ. ನಾವು ಇಳದು, ಹೊಳಿ ದಂಡಿ ಊರಾಗ ಡಾಕ್ಟರಿಗೆ ತೋರಿಸಿ, ಹುಡುಗ ಪೂರಾ ಆರಾಮ ಆದ ಮ್ಯಾಲೆ ಅವರನ್ನ ಕೇಳಿ, ಇಷ್ಟಿಷ್ಟ ಏರಿ ಹೋದ್ವಿ. ಒಂಬತ್ತು ದಿನ ಆಗಿದ್ದ ಅದಕ್ಕ. ಫೋಟೋದಾಗ ನಗತಾನಲ್ಲ, ಅದು ಒಂಬತ್ತನೇ ದಿನದ್ದು."

ಗಂಟೆ ನಾಲ್ಕಾಗಿತ್ತು. ಇನ್ನೂ ಬಿಸಿಲಿತ್ತು. ಮಲ್ಲೇಶ ಹೆಂಡತಿಯ ಮುಖ ನೋಡಿದ. ಅವಳು ಏನೆನ್ನುತ್ತಾಳೋ ಎಂಬ ಅಳುಕು ಅವನಿಗೆ ಇನ್ನೂ ಇತ್ತು.

"ಗಾಡಿ ತಿರುಗಸ್ರಿ" ಅಂದಳು ದಾಕ್ಷಾಯಿಣಿ.

ಮೂರು ತಾಸಿನ ಇಳಿಜಾರು ಅವಳಿಗೆ ಮೂರು ವರ್ಷವಾಯಿತು. ಮಗುವಿನ ತಲೆ ತೊಡೆಯ ಮೇಲೆ, ಕೈ ಮಗುವಿನ ಎದೆಯ ಮೇಲೆ. ಉಸಿರು ಎಣಿಸುತ್ತ ಕೂತಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ನೆಗೆಣ್ಣಿಯ ಸ್ವೆಟರು ನೋಡಲು ಪುರುಸೊತ್ತಿತ್ತು, ಅವಳ ಮಾತು ಕೇಳಲು ನಾಲ್ಕು ನಿಮಿಷ ಇರಲಿಲ್ಲ.

ಹೊಳೆ ದಂಡೆಯ ಹಳ್ಳಿ ಸೇರುವಾಗ ಲೀಲಾ ಕಣ್ಣು ತೆರೆದು ನೀರು ಕೇಳಿದಳು. ಕುಡಿದ ನೀರು ಹೊಟ್ಟೆಯಲ್ಲಿ ನಿಂತಿತು. ಅಲ್ಲಿನ ಆರೋಗ್ಯ ಕೇಂದ್ರದ ಡಾಕ್ಟರು ಮಗುವಿನ ಬೆರಳಿಗೆ ಒಂದು ಚಿಮುಟಿಗೆಯಂಥ ಯಂತ್ರ ಸಿಕ್ಕಿಸಿ ನೋಡಿದರು, ಎದೆ ಪರೀಕ್ಷಿಸಿದರು. ಚನ್ನವ್ವನನ್ನೂ ನೋಡಿದರು. "ತಕ್ಷಣ ಇಳಿದದ್ದರಿಂದ ಮಗು ಉಳಿಯಿತು. ಅಲ್ಲೇ ರಾತ್ರಿ ಕಳೆದಿದ್ದರೆ ನಾನು ಏನೂ ಹೇಳಲಾರೆ" ಎಂದು ಹಿಂದಿಯಲ್ಲಿ ಹೇಳಿದರು. ಇನ್ನು ಈ ಸಲ ಮೇಲೆ ಹೋಗಬೇಡಿ, ವಾಂತಿ ಮತ್ತೆ ಶುರುವಾದರೆ ಇನ್ನೂ ಕೆಳಗೆ ಇಳಿಯಿರಿ ಎಂದೂ ಹೇಳಿದರು.

ಮರುದಿನ ಬೆಳಿಗ್ಗೆ ಲೀಲಾ ಎದ್ದು, ಹೊಳೆಯ ನೀರು ಹಸಿರು ಯಾಕೆ, ಈ ಊರಿನ ನಾಯಿಗೆ ಕೂದಲು ಯಾಕೆ ಇಷ್ಟು ಎಂದು ಕೇಳತೊಡಗಿದಳು. ದಾಕ್ಷಾಯಿಣಿ ಗಾಡಿಯ ಹಿಂದೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಹುಕ್ಕೇರಿಗೆ ಫೋನು ಹಚ್ಚಿದಳು.

"ಅಕ್ಕಾ, ನಾ ನಿಮ್ಮ ಮೆಸೇಜ್ ಕೇಳಿರ್ಲಿಲ್ರಿ. ಬಡಾಯಿ ಅಂತ ತಿಳದಿದ್ದೆ. ನಿಮ್ಮ ಫೋಟೋ ನೋಡಿ ನನಗ ಹೊಟ್ಟಿ ಉರದಿತ್ತು. ಆ ಉರ್ಯಾಗ ನನ್ನ ಕೂಸಿನ ಕಳಕೊಂತಿದ್ದೆ."

ಲೀಲಾ ಈಗ ಹೇಗಿದ್ದಾಳೆ ಎಂಬುದೇ ಆ ಕಡೆಯ ಮೊದಲ ಪ್ರಶ್ನೆ. ಆಮೇಲೆ ಶೋಭಾ ಅಂದಳು:

"ನಿನ್ನ ಒಬ್ಬಾಕಿದ ತಪ್ಪಲ್ಲ ದಾಕ್ಷಾ. ನಗೂ ಫೋಟೋ ನಾ ಇಡೀ ಊರಿಗೆ ಕಳಿಸಿದೆ. ಖರೆ ಮಾತು ನಿನಗ ಒಬ್ಬಾಕಿಗೆ ಕಳಿಸಿದೆ. ಊರಿಗೆಲ್ಲಾ ಮೊದಲ ಹೇಳಿದ್ರ ನೀ ಏರತಿದ್ದಿಲ್ಲ."

ಊರಿಗೆ ಬಂದ ಮೇಲೆ ದಾಕ್ಷಾಯಿಣಿ ಶೋಭಾಳ ಒಪ್ಪಿಗೆ ಕೇಳಿ, ಆ ನಾಲ್ಕು ನಿಮಿಷವನ್ನು ಸಂಘದಲ್ಲಿ ಎಲ್ಲರಿಗೂ ಕೇಳಿಸಿದಳು. ಹೊಟ್ಟೆಕಿಚ್ಚು ಪೂರ್ತಿ ಆರಿದೆಯೇ ಎಂದು ಕೇಳಿದರೆ ಸುಳ್ಳು ಹೇಳುವುದಿಲ್ಲ. ಆ ಸ್ವೆಟರಿನ ಮೇಲೆ ಅವಳಿಗೆ ಇನ್ನೂ ಒಂದು ಕಣ್ಣಿದೆ. ಆದರೆ ಮುಂದಿನ ರಜೆಗೆ ಎರಡೂ ಮನೆಯವರು ಕೂಡಿ ಹೊರಡುತ್ತಾರೆ. ಎಲ್ಲಿ ಎಷ್ಟು ದಿನ ತಂಗಬೇಕು ಎಂಬುದನ್ನು ಚನ್ನವ್ವ ಈಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಮಕ್ಕಳನ್ನು ಕರೆದುಕೊಂಡು ಎತ್ತರದ ಕಣಿವೆಗೆ ಹೊರಟಿದ್ದೀರಾ? ಹೋಗಿ, ಖಂಡಿತ ನೋಡಿ ಬನ್ನಿ. ಹೊರಡುವ ಮೊದಲು ಮಕ್ಕಳ ಡಾಕ್ಟರನ್ನು ಕಾಣಿ. ಎಂಟು ಸಾವಿರ ಅಡಿಯ ಮೇಲೆ ಹೋಗುವ ಮುಂಚೆ ಕೆಳಗೆ ಒಂದೆರಡು ದಿನ ತಂಗಿ. ಹತ್ತು ಸಾವಿರ ಅಡಿ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ ಒಂದೂವರೆ ಸಾವಿರ ಅಡಿಗಿಂತ ಹೆಚ್ಚು ಮೇಲಿರುವುದು ಬೇಡ, ಮೂರು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಿ. ಮುಚ್ಚಿದ ಗಾಡಿಯಲ್ಲಿ ಒಲೆ ಹಚ್ಚಬೇಡಿ, ಅದರ ಹೊಗೆಯೂ ಜೀವ ತೆಗೆಯುತ್ತದೆ. ಮಗು ಉಣ್ಣಲಿಲ್ಲ, ಆಡಲಿಲ್ಲ, ವಾಂತಿ ಮಾಡಿತು, ಮಂಕಾಯಿತು ಎಂದರೆ ಆ ಕ್ಷಣವೇ ಕೆಳಗೆ ಇಳಿದು ಡಾಕ್ಟರಿಗೆ ತೋರಿಸಿ.

ಊರಿಗೆ ಬಂದು ನಗುವ ಫೋಟೋ ಹಾಕುವಾಗ, ಎಲ್ಲಿ ಹೆದರಿದಿರಿ, ಎಲ್ಲಿಂದ ತಿರುಗಿ ಬಂದಿರಿ ಎಂಬುದನ್ನೂ ಅದರ ಕೆಳಗೆ ಬರೆಯಿರಿ. ಅದನ್ನು ಓದಿ ಒಬ್ಬ ತಾಯಿ ಸಮಯಕ್ಕೆ ಸರಿಯಾಗಿ ಗಾಡಿ ತಿರುಗಿಸಬಹುದು.